ವಾಪಸ್ ಹಾಕಿದ ಬಿಲ್ಲೆ, ಹಾಕದ ಬಿಲ್ಲೆ

ದ್ವಿಪದ, ಪಾಯ್ಸಾನ್, ಹೈಪರ್‌ಜಿಯೊಮೆಟ್ರಿಕ್: ಪಿಯುಸಿ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೆ ಈ ವಿತರಣೆಗಳ ಸೂತ್ರಗಳು ಬಾಯಿಪಾಠವಾಗಿರುತ್ತವೆ. ಆದರೆ ಯಾವ ಲೆಕ್ಕಕ್ಕೆ ಯಾವ ಸೂತ್ರ ಎಂಬಲ್ಲಿ ಪೆನ್ನು ನಿಂತುಬಿಡುತ್ತದೆ. ಈ ತೊಡಕು ಶಾಸ್ತ್ರದಷ್ಟೇ ಹಳೆಯದು. ಅದನ್ನು ಕಟ್ಟಿದವರಿಗೂ ಕಷ್ಟವಾದದ್ದು ಗುಣಾಕಾರ ಭಾಗಾಕಾರವಲ್ಲ, ಪ್ರಶ್ನೆಯನ್ನು ಸರಿಯಾಗಿ ಓದಿಕೊಳ್ಳುವುದು.

ಎಣಿಕೆಯ ಸಲಕರಣೆ ಬಹಳ ಹಿಂದೆಯೇ ಸಿದ್ಧವಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ, 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ದಲ್ಲಿ ಇಷ್ಟು ವಸ್ತುಗಳಿಂದ ಇಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟಿದ್ದ. ಅದೇ ಲೆಕ್ಕ ಸಂಭವನೀಯತೆಗೆ ಹೊಂದಿಕೊಂಡದ್ದು ಯುರೋಪಿನಲ್ಲಿ, ಜೂಜಿನ ಸುತ್ತ. ಮೂರು ದಾಳ ಎಸೆದರೆ 9 ಆಗಲು ಆರು ಜೋಡಣೆ, 10 ಆಗಲೂ ಆರೇ. ಆದರೂ 10 ಹೆಚ್ಚು ಬೀಳುತ್ತದಲ್ಲ ಏಕೆ ಎಂಬ ಪ್ರಶ್ನೆ ಗೆಲಿಲಿಯೊ ಮುಂದೆ ಬಂತು. ಮೂರು ದಾಳಗಳನ್ನೂ ಬೇರೆ ಬೇರೆ ಎಂದು ಎಣಿಸಿದಾಗ ಒಟ್ಟು 216ರಲ್ಲಿ 9ಕ್ಕೆ 25, 10ಕ್ಕೆ 27 ದಾರಿಗಳು ಸಿಕ್ಕವು. 1654ರಲ್ಲಿ ಪಾಸ್ಕಲ್ ಮತ್ತು ಫರ್ಮಾ, ಅರ್ಧಕ್ಕೆ ನಿಂತ ಆಟದ ಪಣವನ್ನು ಹಂಚುವ ಬಗ್ಗೆ ಪತ್ರ ಬರೆದುಕೊಂಡರು. 1657ರಲ್ಲಿ ಹಾಲೆಂಡಿನ ಹ್ಯೂಜೆನ್ಸ್ ಇದನ್ನೆಲ್ಲ ಒಂದು ಪುಟ್ಟ ಪುಸ್ತಕವಾಗಿಸಿ, ಕೊನೆಗೆ ಓದುಗರಿಗೆಂದು ಐದು ಲೆಕ್ಕ ಬಿಟ್ಟ.

ಆ ಐದರಲ್ಲಿ ಎರಡನೆಯದು ಇಂದಿಗೂ ತರಗತಿಯಲ್ಲಿ ಬಿಡಿಸಬೇಕಾದದ್ದು. ಹನ್ನೆರಡು ಬಿಲ್ಲೆಗಳಲ್ಲಿ ನಾಲ್ಕು ಬಿಳಿ, ಎಂಟು ಕಪ್ಪು. ಮೂವರು ಕಣ್ಣು ಕಟ್ಟಿಕೊಂಡು ಸರದಿಯಂತೆ ಒಂದೊಂದು ತೆಗೆಯುತ್ತಾರೆ. ಮೊದಲು ಬಿಳಿ ಸಿಕ್ಕವನು ಗೆದ್ದ. ಮೂವರ ಅವಕಾಶಗಳ ಅನುಪಾತವೇನು? ಹ್ಯೂಜೆನ್ಸ್‌ಗೂ ಅವನ ನಾಡಿನವನೇ ಆದ ಹುಡ್ಡೆಗೂ ಉತ್ತರ ತಾಳೆಯಾಗಲಿಲ್ಲ. ಇಬ್ಬರ ಲೆಕ್ಕವೂ ಸರಿಯೇ. ತೆಗೆದ ಕಪ್ಪು ಬಿಲ್ಲೆಯನ್ನು ಮತ್ತೆ ಒಳಗೆ ಹಾಕುತ್ತಾರೆ ಎಂದುಕೊಂಡರೆ 9:6:4. ಹಾಕುವುದಿಲ್ಲ ಎಂದರೆ 77:53:35. ಮುಂದೆ ಯಾಕೋಬ್ ಬರ್ನೂಲಿ ಇದಕ್ಕೆ ಮೂರನೆಯ ಓದನ್ನೂ ತೋರಿಸಿದ: ಆಟಗಾರರಿಗೆ ತಲಾ ಹನ್ನೆರಡು ಬಿಲ್ಲೆ ಇದ್ದರೆ?

ನಾಲ್ಕನೆಯ ಲೆಕ್ಕಕ್ಕೂ ಬಿಲ್ಲೆಗಳು ಅವೇ. ಏಳನ್ನು ತೆಗೆದರೆ ಅದರಲ್ಲಿ ಸರಿಯಾಗಿ ಮೂರು ಬಿಳಿ ಬರುವ ಸಂಭವ ಎಷ್ಟು? ವಾಪಸ್ ಹಾಕದಿದ್ದರೆ ಒಂದೊಂದು ಬಿಲ್ಲೆ ಹೊರಬಂದಂತೆಲ್ಲ ಉಳಿದವುಗಳ ಪಾಲು ಬದಲಾಗುತ್ತದೆ, ಹಾಗಾಗಿ ಇದು ಹೈಪರ್‌ಜಿಯೊಮೆಟ್ರಿಕ್. ಬಿಳಿಯನ್ನು 4 ಬಗೆಯಲ್ಲಿ, ಕಪ್ಪನ್ನು 70 ಬಗೆಯಲ್ಲಿ ಆರಿಸಬಹುದು. ಒಟ್ಟು ಆಯ್ಕೆಗಳು 792. ಉತ್ತರ 280/792, ಅಂದರೆ ಸುಮಾರು 0.354. ಪ್ರತಿ ಸಲ ವಾಪಸ್ ಹಾಕಿದರೆ ಬಿಳಿಯ ಸಂಭವ ಕೊನೆಯವರೆಗೂ ಮೂರರಲ್ಲೊಂದೇ. ಆಗ ಅದು ದ್ವಿಪದ, ಉತ್ತರ 0.256. ಎರಡು ಸೂತ್ರಗಳನ್ನು ಬೇರೆ ಬೇರೆ ಪಾಠಗಳಲ್ಲಿ ಕಲಿಸುವ ಬದಲು ಈ ಒಂದೇ ಲೆಕ್ಕವನ್ನು ಎರಡು ಬಗೆಯಲ್ಲಿ ಮಾಡಿಸಿದರೆ ಸಾಕೆಂದು ನನಗೆ ಬಲವಾಗಿ ಅನಿಸುತ್ತದೆ.

1693ರಲ್ಲಿ ಸ್ಯಾಮ್ಯುಯೆಲ್ ಪೀಪ್ಸ್ ನ್ಯೂಟನ್‌ಗೆ ಕೇಳಿದ ದಾಳದ ಲೆಕ್ಕದಲ್ಲೂ ಇದೇ ಆಯಿತು. ಆರು ದಾಳದಲ್ಲಿ ಒಂದು ಆರು ಬೀಳುವುದು, ಹನ್ನೆರಡರಲ್ಲಿ ಎರಡು, ಹದಿನೆಂಟರಲ್ಲಿ ಮೂರು: ಯಾವುದು ಸುಲಭ? ಪ್ರಶ್ನೆಯ ಮಾತು ಸ್ಪಷ್ಟವಾಗಿಲ್ಲ ಎಂಬುದೇ ನ್ಯೂಟನ್‌ನ ಮೊದಲ ತಕರಾರು. ‘ಕಡೇಪಕ್ಷ’ ಅಷ್ಟು ಎಂದು ತೀರ್ಮಾನವಾದ ಮೇಲೆ ದ್ವಿಪದ ಲೆಕ್ಕ ನೇರ: 0.665, 0.619, 0.597. ಪೀಪ್ಸ್ ನೆಚ್ಚಿಕೊಂಡಿದ್ದು ಹದಿನೆಂಟು ದಾಳದ ಆಟವನ್ನು. ಬರ್ನೂಲಿ ಸತ್ತ ಎಂಟು ವರ್ಷಕ್ಕೆ, 1713ರಲ್ಲಿ, ಅವನ ಗ್ರಂಥ ಅಚ್ಚಾಗಿ ದ್ವಿಪದ ವಿತರಣೆಗೆ ಭದ್ರ ನೆಲೆ ಸಿಕ್ಕಿತು.

ಜೂಜಿನಾಚೆಗೆ ದಾರಿ ತೆರೆದದ್ದು ಪಾಯ್ಸಾನ್. ಪ್ರಯತ್ನಗಳು ಲೆಕ್ಕವಿಲ್ಲದಷ್ಟು, ಒಂದೊಂದರಲ್ಲೂ ಸಂಭವ ತೀರ ಸಣ್ಣದು ಎಂದಾದರೆ ಸರಾಸರಿಯೊಂದೇ ಸಾಕು ಎಂದು 1837ರ ಅವನ ಗ್ರಂಥದಿಂದ ತಿಳಿಯಿತು. ಆರು ದಶಕ ಅದನ್ನು ಯಾರೂ ಹೆಚ್ಚಾಗಿ ಮುಟ್ಟಲಿಲ್ಲ. 1898ರಲ್ಲಿ ಬೋರ್ಟ್‌ಕೀವಿಚ್ ಪ್ರಷ್ಯಾದ ಸೇನೆಯಲ್ಲಿ ಕುದುರೆ ಒದ್ದು ಸತ್ತವರ ಅಂಕಿಗಳನ್ನು ಮುಂದಿಟ್ಟ. ಹತ್ತು ದಳಗಳು, ಇಪ್ಪತ್ತು ವರ್ಷ, 122 ಸಾವು. ಒಂದು ದಳಕ್ಕೆ ವರ್ಷಕ್ಕೆ ಸರಾಸರಿ 0.61. ಈ 200 ದಾಖಲೆಗಳಲ್ಲಿ ಸಾವಿಲ್ಲದವು 109, ಒಂದು ಸಾವಿನವು 65, ಎರಡರವು 22. ಸೂತ್ರ ಹೇಳುವುದು 108.7, 66.3, 20.2. ಕುದುರೆ ಒದೆಯದೆ ಬಿಟ್ಟದ್ದನ್ನು ಎಣಿಸಲು ಯಾರಿಂದಲೂ ಆಗದು, ಒದ್ದದ್ದನ್ನಷ್ಟೇ ಎಣಿಸಬಹುದು. ಎಷ್ಟರಲ್ಲಿ ಎಂಬುದು ತಿಳಿಯದೆ ಎಷ್ಟು ಎಂಬುದಷ್ಟೇ ತಿಳಿದಿರುವಲ್ಲಿ ಪಾಯ್ಸಾನ್ ನೆನಪಾಗಬೇಕು.

ಇಪ್ಪತ್ತನೆಯ ಶತಮಾನದಲ್ಲಿ ಓದು ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋಯಿತು. ಬಳ್ಳಾರಿ ಸೀಮೆಯ ಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್ 1965ರ ಪ್ರಬಂಧವೊಂದರಲ್ಲಿ, ಅಂಕಿಗಳು ನಮ್ಮ ಕೈಗೆ ಬಂದ ದಾರಿಯೇ ವಿತರಣೆಯನ್ನು ಬದಲಿಸುತ್ತದೆ ಎಂದು ತೋರಿಸಿದರು. ಶಾಲೆಯ ಮಕ್ಕಳನ್ನು ನಿಲ್ಲಿಸಿ ‘ನಿಮ್ಮ ಮನೆಯಲ್ಲಿ ಮಕ್ಕಳೆಷ್ಟು’ ಎಂದು ಕೇಳಿ ನೋಡಿ. ಮಕ್ಕಳಿಲ್ಲದ ಮನೆಯಿಂದ ಉತ್ತರವೇ ಬರದು. ಐದು ಮಕ್ಕಳ ಮನೆ ಸಿಕ್ಕಿಬೀಳುವ ಸಾಧ್ಯತೆ ಒಂದು ಮಗುವಿನ ಮನೆಗಿಂತ ಐದು ಪಟ್ಟು. ಊರಿನ ಮನೆಗಳಲ್ಲಿ ಮಕ್ಕಳ ಸಂಖ್ಯೆ ಪಾಯ್ಸಾನ್ ಆಗಿದ್ದು ಸರಾಸರಿ ಎರಡಿದ್ದರೆ, ಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಪಟ್ಟಿಯ ಸರಾಸರಿ ಮೂರು ಬರುತ್ತದೆ.