ಸುರಂಗಜಲವೂ ಅದರ ವೆಚ್ಚವೂ

ಜಲಾಶ್ರಯವನ್ನು ನಿರ್ಮಿಸುವುದು ಪುಣ್ಯಕಾರ್ಯ. ಅದನ್ನು ಕೆಡದಂತೆ ಕಾಪಾಡಿಕೊಂಡು ಬರುವುದು ಅದಕ್ಕಿಂತಲೂ ಕಷ್ಟವಾದ ಕಾರ್ಯ. ನಮ್ಮ ಪೂರ್ವಿಕರು ಈ ಭೇದವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಕನ್ನಡನಾಡಿನ ಶಾಸನಗಳಲ್ಲಿ ಕೆರೆ ಕಟ್ಟಿಸಿದ ಸಂಗತಿಯೊಡನೆ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ ಎಂಬ ಮಾತುಗಳು ಅನೇಕ ಕಡೆ ಕಾಣಬರುವುವು. ಕೆರೆಯನ್ನು ಕಟ್ಟುವುದಕ್ಕೂ ದುರಸ್ತಿಯಲ್ಲಿಡುವುದಕ್ಕೂ ಬಿಟ್ಟ ಭೂಮಿಗಳಿಗೆ ಈ ಹೆಸರು. ಆ ಕೆರೆಗಳು ಬಹುಮಟ್ಟಿಗೆ ಬೇಸಾಯಕ್ಕಾಗಿ ಇದ್ದುವಾದರೂ, ಹೂಳೆತ್ತುವ ಖರ್ಚು ವರ್ಷವರ್ಷವೂ ಎಲ್ಲಿಂದ ಬರಬೇಕೆಂಬ ಪ್ರಶ್ನೆ ಸಣ್ಣ ಊರುಗಳ ಕುಡಿಯುವ ನೀರಿಗೂ ಅನ್ವಯಿಸುವುದು. ಬಂಟವಾಳ ಸೀಮೆಯ ಉದಾಹರಣೆಯಿಂದ ಇದನ್ನು ವಿಶದಪಡಿಸಬಹುದು.

ಬಿ.ಸಿ.ರೋಡಿನಿಂದ ಕಲ್ಲಡ್ಕ, ವಿಟ್ಲಗಳ ಮಾರ್ಗವಾಗಿ ಕಾಸರಗೋಡಿನ ಗಡಿಯ ಕಡೆಗೆ ಸಾಗಿದರೆ ಗುಡ್ಡಗಳ ಪಾರ್ಶ್ವದಲ್ಲಿ ನೀರಿನ ಸುರಂಗಗಳು ಕಾಣಸಿಗುವುವು. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದರೂ ಈ ವಿದ್ಯೆ ಗಡಿಯ ಎರಡು ಕಡೆಗಳಲ್ಲಿಯೂ ಉಳಿದುಬಂದಿತು. ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಸುಮಾರು ೪೦೦೦ ಮಿಲಿಮೀಟರ್ ಮಳೆಯಾಗುವುದು. ಅದರ ಬಹುಭಾಗ ನಾಲ್ಕೇ ತಿಂಗಳಲ್ಲಿ ಸುರಿದು ಸಮುದ್ರವನ್ನು ಸೇರುವುದು. ಉಳಿದುದನ್ನು ಮುರಕಲ್ಲು ಹೀರಿಕೊಳ್ಳುತ್ತದೆ. ಅದರ ಕೆಳಗಿನ ಜೇಡಿಯ ಪದರ ನೀರನ್ನು ತಡೆಯುತ್ತದೆ. ಎರಡಡಿ ಅಗಲ, ಆಳೆತ್ತರದ ಸುರಂಗವನ್ನು ಒಳಮುಖವಾಗಿ ಸ್ವಲ್ಪ ಏರುವಂತೆ ಕೊರೆದರೆ ಆ ನೀರು ತಾನಾಗಿ ಹೊರಗೆ ಹರಿದು ಬರುವುದು. ಅಡಕೆ ಮರದ ದಂಬೆಯ ಮೂಲಕ ಅದನ್ನು ಮನೆಯಂಗಳಕ್ಕೆ ತರುತ್ತಿದ್ದರು.

ಇದಕ್ಕೆ ಯಂತ್ರ ಬೇಡ, ವಿದ್ಯುತ್ತು ಬೇಡ. ಆದುದರಿಂದ ಇದು ಅತ್ಯಂತ ಅಗ್ಗವೆಂದು ಹೇಳುವುದು ವಾಡಿಕೆ. ಆದರೆ ಲೆಕ್ಕವನ್ನು ಪೂರ್ತಿಯಾಗಿ ಬರೆಯಬೇಕು. ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಕೂಲಿ ಮಾಡುತ್ತಿದ್ದವರು. ತಮಗೆ ದೊರೆತ ಬೋಳುಗುಡ್ಡದ ನೆಲದಲ್ಲಿ ಏಕಾಕಿಯಾಗಿ ಸುರಂಗ ಕೊರೆದರು. ಐದು ವ್ಯರ್ಥವಾದುವು, ಆರನೆಯದರಲ್ಲಿ ನೀರು ಒಸರಿತು. ೨೦೨೨ರಲ್ಲಿ ಅವರಿಗೆ ಪದ್ಮಶ್ರೀ ಲಭಿಸಿತು. ಆ ಐದು ಸುರಂಗಗಳ ಶ್ರಮಕ್ಕೆ ಕೂಲಿ ಕಟ್ಟಿದರೆ ಬಡವನಿಗೆ ಎಟುಕುವ ಮೊತ್ತವಾಗಲಾರದು. ಸುರಂಗದ ಅಗ್ಗ ಎಂಬುದು ಬೆಲೆ ಕಟ್ಟದ ಬೆವರಿನಿಂದ ಬಂದುದು. ಅಲ್ಲದೆ ಗುಡ್ಡದ ನೆಲವಿಲ್ಲದವನಿಗೆ ಸುರಂಗವೂ ಇಲ್ಲ. ನೇತ್ರಾವತಿಯ ದಂಡೆಯ ಜನನಿಬಿಡ ಪೇಟೆಗೆ ಅದು ಸಾಲುವುದೂ ಇಲ್ಲ.

ಕೊಳವೆಬಾವಿಯ ಲೆಕ್ಕ ಇದಕ್ಕೆ ವಿಪರೀತ. ಕೆಲವೇ ದಿನಗಳಲ್ಲಿ ನೀರು ಕಾಣುವುದು. ಆದರೆ ವಿದ್ಯುತ್ತಿನ ಬಿಲ್ಲು, ಪಂಪಿನ ರಿಪೇರಿ, ನೀರಿನ ಮಟ್ಟ ಇಳಿದಾಗ ಹೊಸ ಬಾವಿಯ ಖರ್ಚು ಇವು ಕೊನೆಗಾಣುವುದಿಲ್ಲ. ಕೊಳವೆ ಹಾಕಿಸುವ ದಿನದ ಉತ್ಸಾಹ ಪಂಪು ಕೆಟ್ಟ ದಿನ ಎಲ್ಲಿರುವುದು?

ಸರ್ಕಾರವೂ ಈ ಪ್ರಶ್ನೆಯನ್ನು ಎದುರಿಸಿದೆ. ೨೦೦೨ರ ಸ್ವಜಲಧಾರಾ ಯೋಜನೆಯಲ್ಲಿ ನಿರ್ಮಾಣ ವೆಚ್ಚದ ಶೇಕಡಾ ೧೦ರಷ್ಟನ್ನೂ, ನಿರ್ವಹಣೆಯ ಪೂರ್ಣ ವೆಚ್ಚವನ್ನೂ ಗ್ರಾಮಸ್ಥರೇ ಹೊರಬೇಕೆಂದು ವಿಧಿಸಲಾಯಿತು. ೨೦೧೯ರಲ್ಲಿ ಆರಂಭವಾದ ಜಲಜೀವನ ಯೋಜನೆ ತಲೆಗೆ ದಿನಕ್ಕೆ ೫೫ ಲೀಟರ್ ನೀರನ್ನು ಗುರಿಯಾಗಿಟ್ಟುಕೊಂಡು, ಊರೊಳಗಿನ ಕಾಮಗಾರಿಗೆ ಶೇಕಡಾ ೧೦ರ ವಂತಿಗೆಯನ್ನೂ, ಗುಡ್ಡಗಾಡು ಮತ್ತು ಪರಿಶಿಷ್ಟರ ಬಾಹುಳ್ಯವುಳ್ಳ ಊರುಗಳಿಗೆ ಶೇಕಡಾ ೫ನ್ನೂ ನಿಯಮಿಸಿತು. ವಂತಿಗೆಯನ್ನು ಶ್ರಮರೂಪದಲ್ಲಿಯೂ ಸಲ್ಲಿಸಬಹುದು.

ಆದರೆ ವಂತಿಗೆ ಒಮ್ಮೆ ಕೊಡುವಂಥದು, ಬಾಯಾರಿಕೆ ನಿತ್ಯದ್ದು. ಬಿತ್ತುವಟ್ಟವು ಉಳ್ಳವರು ಬಿಟ್ಟ ಭೂಮಿಯಾಗಿತ್ತು. ಕೂಲಿಯವನ ಮನೆಯ ಮೇಲೆ ಹೇರಿದ ಸಮಪಾಲಾಗಿರಲಿಲ್ಲ. ಪ್ರತಿಯೊಂದು ಊರಿನಲ್ಲಿಯೂ ನೀರಿನ ಕೆಲಸ ಆರಂಭವಾಗುವುದಕ್ಕೆ ಮೊದಲೇ ದುರಸ್ತಿಯ ನಿಧಿಯನ್ನು ನಿಶ್ಚಯಿಸಿ, ಉಳ್ಳವರ ಪಾಲನ್ನು ಹೆಚ್ಚಾಗಿಯೂ ಇಲ್ಲದವರ ಪಾಲನ್ನು ಹಗುರಾಗಿಯೂ ಇಡುವುದು ಶಾಸನಗಳು ತೋರಿದ ದಾರಿಗೆ ಅನುಗುಣವಾದುದು.