ಹಂಗಳದಿಂದ ಶ್ರೀರಂಗಪಟ್ಟಣಕ್ಕೆ

ಗುಂಡ್ಲುಪೇಟೆಯಿಂದ ಉದಕಮಂಡಲದ ಹಾದಿ ಹಿಡಿದರೆ ಸ್ವಲ್ಪ ದೂರದಲ್ಲೇ ಹಂಗಳವೆಂಬ ಊರು ಸಿಕ್ಕುತ್ತದೆ. ಬಂಡೀಪುರದ ಆನೆಗಳನ್ನು ಕಾಣುವ ಆತುರದಲ್ಲಿ ತಾವು ಅದನ್ನು ಗಮನಿಸದೆ ದಾಟಿರಲೂಬಹುದು. ಚಿಕ್ಕದೇವರಾಜ ಒಡೆಯರು ಪಟ್ಟಕ್ಕೆ ಬರುವ ಮುನ್ನ, ಆಗಿನ ದೊರೆಯ ಕಾವಲಿನಲ್ಲಿ, ದಿನ ಕಳೆದದ್ದು ಇಲ್ಲಿಯೇ. ಜೊತೆಗಿದ್ದವನು ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತ. 1673ರಲ್ಲಿ ಒಡೆಯರು ದೊರೆಯಾದರು, ಪಂಡಿತನು ಮಂತ್ರಿಯಾದನು.

ದಕ್ಷಿಣದ ಹಳೆಯ ಏರ್ಪಾಡು ಆ ವೇಳೆಗೆ ಮುರಿದಿತ್ತು. 1565ರ ಯುದ್ಧದಿಂದ ವಿಜಯನಗರದ ಹಿಡಿತ ಸಡಿಲವಾಗಿ, 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ಪಡೆದಿದ್ದರು. ಆಮೇಲೆ ಎದುರಾದವರು ಬಿಜಾಪುರದವರು, ಮರಾಠರು. 1686ರಲ್ಲಿ ಬಿಜಾಪುರ, ಮರುವರ್ಷ ಗೋಲ್ಕೊಂಡ ಔರಂಗಜೇಬನ ವಶವಾದವು. ಇನ್ನು ಉಳಿದ ಚಿಕ್ಕ ರಾಜ್ಯಗಳ ಗತಿಯೇನು?

ಒಡೆಯರು ಮೊಗಲರೊಡನೆ ಕಾದಾಡಲಿಲ್ಲ, ವ್ಯಾಪಾರ ಮಾಡಿದರು. ಏಕೋಜಿಯು ಬೆಂಗಳೂರನ್ನು ಅವರಿಗೆ ಮಾರುವ ಮಾತುಕತೆಯಲ್ಲಿದ್ದಾಗಲೇ, 1687ರಲ್ಲಿ, ಮೊಗಲ ಸರದಾರ ಕಾಸಿಂ ಖಾನನು ಅದನ್ನು ಹಿಡಿದುಕೊಂಡನು. ಒಡೆಯರು ಅವನಿಗೇ 3 ಲಕ್ಷ ರೂಪಾಯಿ ಕೊಟ್ಟು ಊರನ್ನು ಪಡೆದರು! 1699ರಲ್ಲಿ ಔರಂಗಜೇಬನ ಬಳಿಗೆ ನಿಯೋಗವೂ ಹೋಯಿತು. ದೊಡ್ಡವನ ಕೋಪಕ್ಕೆ ಸಿಕ್ಕದೆ ತಾನೂ ದೊಡ್ಡದಾಗುವ ಈ ಜಾಣ್ಮೆಯನ್ನು ಮೆಚ್ಚಲೇಬೇಕು.

ಆದರೆ ಹಣ ಬಂದದ್ದು ಎಲ್ಲಿಂದ? ರೈತನ ಕಣದಿಂದ. ಕಂದಾಯದ ಭಾರಕ್ಕೆ ಹಳ್ಳಿಗಳು ತಿರುಗಿಬಿದ್ದವು; ದಂಗೆಯನ್ನು ನಿರ್ದಯವಾಗಿ ಅಡಗಿಸಲಾಯಿತು. ಆ ಸಿಟ್ಟು ಮಂತ್ರಿಯ ಮೇಲೆ ತಿರುಗಿತು. 1686ರಲ್ಲಿ ವಿಶಾಲಾಕ್ಷ ಪಂಡಿತನ ಕೊಲೆಯಾಯಿತು.

ಗುಂಡ್ಲುಪೇಟೆಗೆ ಹಿಂದೆ ವಿಜಯಪುರವೆಂದು ಹೆಸರಿತ್ತು. ಒಡೆಯರ ತಂದೆ ತೀರಿಕೊಂಡದ್ದು ಈ ಊರಿನಲ್ಲಿ. ಅವರ ನೆನಪಿಗಾಗಿ ಮಗ ಕಟ್ಟಿಸಿದ ಪರವಾಸುದೇವ ದೇವಾಲಯವನ್ನು ತಾವು ಅಲ್ಲಿ ನೋಡಬಹುದು.