ಗೋಗಿಯ ಪಾಯ

ಶಹಾಪುರದ ಕಡೆಯಿಂದ ಗೋಗಿಗೆ ಬರುವ ಹೊರಗಿನವರಲ್ಲಿ ಹೆಚ್ಚಿನವರು ಚಂದಾ ಹುಸೇನಿ ದರ್ಗಾಕ್ಕೆ ಬರುವವರು. ಆದಿಲ್‌ಶಾಹಿ ವಂಶದ ಮೂಲಪುರುಷ ಯೂಸುಫ್ 1510ರಲ್ಲಿ ತೀರಿಕೊಂಡಾಗ ಅವನನ್ನು ಮಣ್ಣು ಮಾಡಿದ್ದು ರಾಜಧಾನಿ ವಿಜಾಪುರದಲ್ಲಲ್ಲ, ಇಲ್ಲಿ, ಈ ಸಂತರ ಸನಿಹದಲ್ಲಿ. ಮಗ ಇಸ್ಮಾಯಿಲ್, ಮೊಮ್ಮಗ ಇಬ್ರಾಹಿಂ ಕೂಡ ಇಲ್ಲಿಯೇ ಮಲಗಿದ್ದಾರೆ. ಗೋಲಗುಮ್ಮಟ ಕಂಡ ಕಣ್ಣಿಗೆ ಈ ಗೋರಿಗಳು ತೀರ ಸಾದಾ. ನನಗಂತೂ ಆ ಸಾದಾತನವೇ ದೊಡ್ಡದು.

ಈ ಸೀಮೆಯಲ್ಲಿ ಮನೆ ಎಂದರೆ ಕಲ್ಲು. ಭೀಮಾ ತೀರದ ಸುಣ್ಣಕಲ್ಲು ಪದರು ಪದರಾಗಿ ಏಳುತ್ತದೆ. ಗೋಡೆಗೂ ಅದೇ, ನೆಲದ ಫರಸಿಗೂ ಅದೇ. ಪಾಯ ತೆಗೆದರೆ ಹತ್ತಿರದಲ್ಲಿ ಸಿಕ್ಕ ಗರಸು, ಕಲ್ಲಿನ ಚೂರು ತುಂಬುವುದು ಗೌಂಡಿಗಳ ರೂಢಿ. ಹೊಲದ ಕಲ್ಲಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಆದರೆ ಗೋಗಿಯ ನೆಲದಡಿ ಒಂದು ಬಿರುಕಿದೆ. ಸುಣ್ಣಕಲ್ಲು ಗ್ರಾನೈಟನ್ನು ಸಂಧಿಸುವ ಈ ಬಿರುಕಿನ ಗುಂಟ ಯುರೇನಿಯಂ ಸಿಕ್ಕಿತು, ಜಾರ್ಖಂಡದ ಜಾದುಗೋಡ ಗಣಿಯ ಅದಿರಿಗಿಂತ ಸತ್ವದ್ದು. ಅನ್ವೇಷಣೆಗೆಂದು ಭೂಮಿಯೊಳಗೆ ಗಣಿ ಇಳಿಸಿದರು. ಕೆಳಗಿನ ಕಲ್ಲು ಮೇಲೆ ಬಂತು. ಬಾವಿಯ ನೀರಿಗೆ, ಬೆಳೆಗೆ, ಮಕ್ಕಳಿಗೆ ಏನಾದೀತೋ ಎಂದು ಊರವರು ಬೀದಿಗಿಳಿದರು.

ಆ ಭಯಕ್ಕೆ ಮನೆಯ ಮಾತನ್ನೂ ಸೇರಿಸಬೇಕು: ಮೇಲೆ ಬಂದ ಆ ಕಲ್ಲು ಪಾಯಕ್ಕೆ ಬಿದ್ದರೆ? ಅಮೆರಿಕದ ಕೊಲರಾಡೊದಲ್ಲಿ ಗ್ರ್ಯಾಂಡ್ ಜಂಕ್ಷನ್ ಎಂಬ ಊರಿದೆ. ಯುರೇನಿಯಂ ಕಾರ್ಖಾನೆಯಿಂದ ಉಳಿದ ಮರಳು ಪುಕ್ಕಟೆ ಸಿಗುತ್ತದೆಂದು 1950-60ರ ದಶಕಗಳಲ್ಲಿ ಅದನ್ನು ಅಲ್ಲಿ ಪಾಯಕ್ಕೆ ತುಂಬಿದರು. ಮರಳಿನಲ್ಲಿ ಉಳಿದ ರೇಡಿಯಂನಿಂದ ರೇಡಾನ್ ಎಂಬ ಅನಿಲ ಹುಟ್ಟುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ನೆಲದ ಸಂದಿಯಿಂದ ಏರಿ ಮುಚ್ಚಿದ ಕೋಣೆಯಲ್ಲಿ ತುಂಬಿಕೊಳ್ಳುತ್ತದೆ, ವರ್ಷಗಟ್ಟಲೆ ಉಸಿರಾಡಿದವರಿಗೆ ಶ್ವಾಸಕೋಶದ ಕ್ಯಾನ್ಸರ್ ತರಬಲ್ಲದು. 1972ರಲ್ಲಿ ಕಾನೂನು ಬಂತು. ಸಾವಿರಾರು ಕಟ್ಟಡಗಳ ಬುಡ ಅಗೆದು ಆ ಮರಳನ್ನು ಹೊರಸಾಗಿಸಬೇಕಾಯಿತು.

ಕೋಲಾರದ ಚಿನ್ನದ ಗಣಿಯ ಊರಾದ ಕೆ.ಜಿ.ಎಫ್‌ನವರಿಗೆ ಬೇರೆ ಬಗೆಯ ಅನುಭವ. ಮೂರು ಕಿಲೋಮೀಟರಿಗೂ ಆಳದಲ್ಲಿ ಬಂಡೆ ಸಿಡಿದರೆ ಮೇಲಿನ ಮನೆ ನಡುಗುತ್ತಿತ್ತು. 2001ರಲ್ಲಿ ಗಣಿ ಮುಚ್ಚಿತು, ಸೈನೈಡ್ ದಿಬ್ಬಗಳು ಉಳಿದವು. ಬೇಸಿಗೆಯ ಗಾಳಿಗೆ ಅವುಗಳ ಧೂಳು ಈಗಲೂ ಮನೆಯೊಳಗೆ ಬರುತ್ತದೆ.

ಗೋಗಿಯದು ಅಷ್ಟು ದೊಡ್ಡ ಗಣಿಯಲ್ಲ. ಅದಕ್ಕೇ ಮರೆತುಹೋಗುವ ಭಯ ಹೆಚ್ಚು. ಇಂದು ಬೇಲಿ ಹಾಕಿದ ಜಾಗ ನಾಳೆ ಪ್ಲಾಟ್ ಆದೀತು. ಕೊಂಡವನಿಗೆ ಅಡಿಯಲ್ಲಿ ಸುರಂಗ ಎತ್ತ ಹೋಗಿದೆ ಎಂದು ಯಾರು ಹೇಳಬೇಕು? ರೇಡಿಯಂ ತನ್ನ ಅರ್ಧದಷ್ಟು ಕರಗಲು 1600 ವರ್ಷ ಬೇಕು. ಯೂಸುಫ್ ಮಣ್ಣಾಗಿ ಐನೂರು ವರ್ಷ ದಾಟಿದೆ, ಅಷ್ಟೇ.

ಆದ್ದರಿಂದ ಸುರಂಗದ ನಕ್ಷೆ ಕನ್ನಡದಲ್ಲಿ ಗೋಗಿಯ ಪಂಚಾಯಿತಿಯಲ್ಲಿ ಇರಬೇಕು. ಯಾವ ಸರ್ವೆ ನಂಬರಿನ ಕೆಳಗೆ ಏನಿದೆ, ಮೇಲೆ ತಂದ ಕಲ್ಲು ಎಲ್ಲಿ ಬಿದ್ದಿದೆ ಎಂಬುದು ಪಹಣಿಯಲ್ಲೇ ಬರೆದಿರಬೇಕು. ಗೌಂಡಿ ದಾರ ಹಿಡಿದು ಪಾಯದ ಗೆರೆ ಎಳೆಯುವ ಮೊದಲು ಮನೆಯವರು ಹೋಗಿ ಅದನ್ನು ನೋಡಿಬರುವಂತಿರಬೇಕು.